ನಾಳೆಯ ವಿಮಾನಕ್ಕೆ ‘ವಿಲ್’ ಬೇಕಿಲ್ಲ

ಮಾನ್ಯರೇ,

ಭವಿಷ್ಯತ್ಕಾಲ ಎಂದರೆ ‘ವಿಲ್’ ಮತ್ತು ‘ಶಲ್’. ನಮ್ಮ ಶಾಲೆಗಳ ಇಂಗ್ಲಿಷ್ ವ್ಯಾಕರಣ ಬಹುಮಟ್ಟಿಗೆ ಇಷ್ಟಕ್ಕೇ ನಿಲ್ಲುತ್ತದೆ. ಹಾಗಾಗಿ ಟಿಕೆಟ್ ಜೇಬಿನಲ್ಲಿದ್ದರೂ ‘ಐ ವಿಲ್ ಗೋ ಟು ಡೆಲ್ಲಿ ಟುಮಾರೋ’ ಎನ್ನುತ್ತೇವೆ. ವ್ಯಾಕರಣದ ತಪ್ಪೇನಿಲ್ಲ. ಆದರೆ ಕೇಳಿದವರಿಗೆ ಈಗಷ್ಟೇ ಮನಸ್ಸು ಮಾಡಿದಂತೆ ಕೇಳಿಸುತ್ತದೆ.

ವಿಚಿತ್ರವೆಂದರೆ, ಮನೆಯಲ್ಲಿ ಯಾರೂ ‘ನಾಳೆ ಹೋಗುವೆನು’ ಅನ್ನುವುದಿಲ್ಲ; ‘ಹೋಗ್ತಾ ಇದೀನಿ’ ಎನ್ನುತ್ತೇವೆ. ಅದನ್ನೇ ಇಂಗ್ಲಿಷಿಗೆ ತಂದರೆ ಸಾಕು: ‘ಐ ಆಮ್ ಫ್ಲೈಯಿಂಗ್ ಟು ಡೆಲ್ಲಿ ಟುಮಾರೋ’. ‘ಆರಕ್ಕೆ ಬಸ್ ಹೊರಡುತ್ತೆ’ ಎಂಬಂತೆ ವೇಳಾಪಟ್ಟಿಯ ಮಾತಿಗೆ ‘ಮೈ ಫ್ಲೈಟ್ ಲೀವ್ಸ್ ಅಟ್ ಸಿಕ್ಸ್’. ಟಿಕೆಟ್ ಇನ್ನೂ ಆಗಿಲ್ಲ, ಯೋಚನೆ ಮಾತ್ರ ಗಟ್ಟಿ ಎಂದಾದರೆ ‘ಐ ಆಮ್ ಗೋಯಿಂಗ್ ಟು ಬುಕ್ ದಿ ಮಾರ್ನಿಂಗ್ ಫ್ಲೈಟ್’. ‘ವಿಲ್’ಗೂ ಜಾಗವಿದೆ: ವಿಮಾನ ರದ್ದಾಯಿತೆಂದು ಕೌಂಟರಿನಲ್ಲಿ ಹೇಳಿದ ಕ್ಷಣ, ‘ದೆನ್ ಐ ವಿಲ್ ಟೇಕ್ ದಿ ನೆಕ್ಸ್ಟ್ ಒನ್’.

‘ಐ ಆಮ್ ಹ್ಯಾವಿಂಗ್ ಎ ಫ್ಲೈಟ್’ ಬೇಡ, ‘ಐ ಹ್ಯಾವ್ ಎ ಫ್ಲೈಟ್’ ಸಾಕು. ‘ಐ ವಿಲ್ ರೀಚ್ ಅಟ್ ನೈನ್’ ಎಂದರೆ ವಾಕ್ಯ ಅರ್ಧಕ್ಕೇ ನಿಂತಂತೆ. ‘ರೀಚ್’ ಪಕ್ಕದಲ್ಲಿ ಊರಿನ ಹೆಸರು ಇರಬೇಕು. ‘ಐ ಲ್ಯಾಂಡ್ ಅಟ್ ನೈನ್’ ಎಂದರೆ ಕರೆದೊಯ್ಯಲು ಬರುವವರಿಗೂ ಲೆಕ್ಕ ಸಿಗುತ್ತದೆ: ಬ್ಯಾಗ್ ಸಿಕ್ಕಿ ಹೊರಗೆ ಬರಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ‘ಪ್ರಿಪೋನ್’ (ನಿಗದಿಗಿಂತ ಮುಂಚೆಗೆ ತರುವುದು) ಬಗ್ಗೆ ನಾಚಿಕೆ ಬೇಡ, ಅದು ನಮ್ಮದೇ ಒಳ್ಳೆಯ ಪದ. ಹೊರದೇಶದ ಕೌಂಟರಿನಲ್ಲಿ ಮಾತ್ರ ‘ಕ್ಯಾನ್ ಐ ಮೂವ್ ಟು ಆನ್ ಅರ್ಲಿಯರ್ ಫ್ಲೈಟ್?’ ಎಂದು ಕೇಳಿ. ‘ಡೈರೆಕ್ಟ್’ ವಿಮಾನ ನಡುವೆ ಎಲ್ಲಾದರೂ ಇಳಿದು ಅದೇ ನಂಬರಿನಲ್ಲಿ ಮುಂದೆ ಹೋಗಬಹುದು; ಎಲ್ಲೂ ಇಳಿಯದ್ದು ಬೇಕಿದ್ದರೆ ‘ನಾನ್‌ಸ್ಟಾಪ್’ ಎಂದೇ ಕೇಳಬೇಕು.

ಇವೆಲ್ಲ ಕಿವಿಗೆ ಸಂಬಂಧಿಸಿದವು. ಹಣ ಕಳೆಯುವ ತಪ್ಪು ಬೇರೆಯೇ ಇದೆ. ಬೆಂಗಳೂರಿನಿಂದ ವಿದೇಶಕ್ಕೆ ಹಾರುವ ಎಷ್ಟೋ ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ ‘15, 00:30’ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 14ರ ರಾತ್ರಿ, ಏಕೆಂದರೆ ನಮಗೆ ಬೆಳಗಾದರೆ ತಾನೇ ಮರುದಿನ! ‘ಫಿಫ್ಟೀಂತ್ ನೈಟ್, ಟ್ವೆಲ್ವ್ ಥರ್ಟಿ’ ಎಂದು ಹೇಳಿ ಕಾರು ಗೊತ್ತುಮಾಡಿದರೆ ಕಾರು 15ರ ರಾತ್ರಿ ಬರುತ್ತದೆ, ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ‘ನೈಟ್’ ಬಿಟ್ಟು ಎರಡೂ ದಿನಾಂಕ ಹೇಳಿ: ‘ಮೈ ಫ್ಲೈಟ್ ಈಸ್ ಅಟ್ ಟ್ವೆಲ್ವ್ ಥರ್ಟಿ ಎ.ಎಂ. ಆನ್ ದಿ ಫಿಫ್ಟೀಂತ್. ಐ ಆಮ್ ಲೀವಿಂಗ್ ಹೋಮ್ ಆನ್ ದಿ ಈವ್ನಿಂಗ್ ಆಫ್ ದಿ ಫೋರ್ಟೀಂತ್’.

ಮಕ್ಕಳನ್ನು ನೋಡಲು ಹೊರಟ ಹಿರಿಯರಿಗೆ ಇನ್ನೊಂದು ಮಾತು. ಎಷ್ಟು ದಿನ ಇರುತ್ತೀರಿ ಎಂದು ವಲಸೆ ಅಧಿಕಾರಿ ಕೇಳಿದಾಗ ‘ಐ ವಿಲ್ ಸ್ಟೇ ವಿತ್ ಮೈ ಸನ್’ ಎಂದರೆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಮರುಪ್ರಶ್ನೆ ಖಚಿತ. ‘ಸಿಕ್ಸ್ ವೀಕ್ಸ್. ಐ ಆಮ್ ಫ್ಲೈಯಿಂಗ್ ಬ್ಯಾಕ್ ಆನ್ ಆಗಸ್ಟ್ ಟೆಂತ್’ ಎಂದು ಹೇಳಿ, ವಾಪಸು ಟಿಕೆಟ್ ಕೈಯಲ್ಲೇ ಹಿಡಿದಿರಿ.

– ಇಂಗ್ಲಿಷ್ ಅಧ್ಯಾಪಕರು, ಮೈಸೂರು