ಕತ್ತಲ ನೀರಲ್ಲಿ ದೀಪವಿಲ್ಲದ ಕಂಬಗಳು

ಸಂಪಾದಕರೇ,

ರಾತ್ರಿ ದೋಣಿ ಅಪಘಾತ ಆದಾಗಲೆಲ್ಲ ನಡೆಸುವವನ ಕುಡಿತ, ವೇಗ ಇಷ್ಟರ ಬಗ್ಗೆಯೇ ಮಾತು. ಎರಡೂ ತಪ್ಪೇ, ಸರಿ. ಆದರೆ ನೀರಿನ ನಡುವೆ ದೀಪವಿಲ್ಲದೆ ನಿಂತಿರುವ ಕಂಬ, ಹಳೇ ಸೇತುವೆಯ ಉಳಿದ ಕಾಲು, ಲಂಗರು ಹಾಕಿ ಬಿಟ್ಟುಹೋದ ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ದೋಣಿ), ಇವನ್ನೆಲ್ಲ ಯಾರು ಕೇಳುತ್ತಾರೆ?

ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ದೋಣಿಗೆ ಬ್ರೇಕ್ ಇಲ್ಲ. ಕಂಬ ಕಣ್ಣಿಗೆ ಬೀಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ದಡದಲ್ಲಿ ದೀಪ ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅನ್ನಬೇಡಿ. ಆ ಬೆಳಕು ನೀರಿನ ಮೇಲೆ ಉದ್ದಕ್ಕೆ ಮಿನುಗುವಾಗ ಎದುರಿನ ಕಪ್ಪು ಕಂಬ ಅದರಲ್ಲೇ ಕರಗಿಹೋಗುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಮ್ಮೆ ಸುಮ್ನೆ ಮೊಬೈಲ್ ನೋಡಿದರೂ ಅದು ಹೋಯಿತು. ಸರ್ಚ್‌ಲೈಟ್ ಹಾಕಿದರೆ ಮಂಜಿದ್ದ ದಿನ ಬೆಳಕು ನಮ್ಮ ಮುಖಕ್ಕೇ ವಾಪಸ್ ಹೊಡೆಯುತ್ತದೆ. ಜಿಪಿಎಸ್ ನಂಬುವವರೂ ಇದ್ದಾರೆ. ಹೊಸದಾಗಿ ನೆಟ್ಟ ಕಂಬ ಅದರ ನಕ್ಷೆಯಲ್ಲಿ ಇರಲೇಬೇಕು ಅಂತೇನಿಲ್ಲ.

ಸಮುದ್ರ ಸಂಚಾರದ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಹಡಗು ಓಡುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಲಂಗರು ಹಾಕಿದಾಗ ಸುತ್ತಲೂ ಕಾಣುವ ಬಿಳಿ ದೀಪ ಬೇಕು. ಹಡಗಿಗೆ ಇಷ್ಟು ಶಿಸ್ತು ಕೇಳುವಾಗ ಕಂಬ ನೆಟ್ಟವರಿಗೆ ಒಂದು ಸೋಲಾರ್ ದೀಪ ಹಾಕೋಕೆ ಏನು ಕಷ್ಟ? ದೀಪ ಕೆಟ್ಟರೂ ಕಾಣಲಿ ಅಂತ ಹೊಳೆಯುವ ಪಟ್ಟಿಯನ್ನಾದರೂ ಅಂಟಿಸಲಿ. ಅಲ್ಲಿವರೆಗೆ ರಾತ್ರಿ ಹೋಗುವವರು ನಿಧಾನಕ್ಕೆ ಹೋಗಿ, ಮುಂದೆ ನೋಡಲು ಒಬ್ಬರನ್ನು ಕೂರಿಸಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ.

— ಒಬ್ಬ ಓದುಗ