ಎದೆನೋವು ಬಂದ್ರೆ ಕೆಮ್ಮುದಲ್ಲ, ಮೊದ್ಲು ಫೋನ್ ಮಾಡುದು

ಸಂಪಾದಕರಿಗೆ ನಮಸ್ಕಾರ,

ಒಬ್ರೇ ಇರುವಾಗ ಹಾರ್ಟ್ ಅಟ್ಯಾಕ್ ಆದ್ರೆ ಜೋರಾಗಿ ಕೆಮ್ತಾ ಇರಿ, ಜೀವ ಉಳೀತದೆ ಅಂತ ಒಂದು ಮೆಸೇಜ್ ಉಂಟಲ್ಲ, ಅದು ಮೊನ್ನೆ ಪುನಃ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂತು. ದಯಮಾಡಿ ಯಾರೂ ಅದನ್ನು ನಂಬ್ಬೇಡಿ.

ಹೋದ ಮಳೆಗಾಲ ನಮ್ಮ ದೊಡ್ಡಪ್ಪ ಪೆರ್ಲ ಹತ್ರದ ಮನೇಲಿ ಒಬ್ರೇ ಇದ್ರು, ದೊಡ್ಡಮ್ಮ ಬೆಂಗ್ಳೂರಿಗೆ ಮಗನ ಮನೆಗೆ ಹೋಗಿದ್ರು. ಬೆಳಗಿನ ಜಾವ ಎದೆ ಹಿಂಡಿದ ಹಾಗೆ ಆಯ್ತಂತೆ, ಮೈಯೆಲ್ಲ ತಣ್ಣಗೆ ಬೆವರು, ಗ್ಯಾಸ್ ಇರ್ಬೇಕು ಅಂತ ಜೀರಿಗೆ ಕಷಾಯ ಮಾಡಿ ಕುಡಿದ್ರು, ಮತ್ತೆ ಈ ಮೆಸೇಜ್ ನೆನಪಾಗಿ ಕೆಮ್ಮಿ ಕೆಮ್ಮಿ ಸುಸ್ತಾಗಿ ಅಲ್ಲೇ ಮಲಗಿದ್ರು. ತೋಟದ ಕೆಲಸಕ್ಕೆ ಬಂದವ ಬಾಗಿಲು ಬಡಿದ್ರೆ ಒಳಗಿಂದ ಚಿಲಕ, ಪಾಪ ಅವ ಮಾಡಿನ ಹಂಚು ತೆಗ್ದು ಇಳ್ದ. ಮಂಗ್ಳೂರಿಗೆ ಮುಟ್ಟುವಾಗ ನಾಲ್ಕು ಗಂಟೆ ಕಳ್ದಿತ್ತು. ಜೀವ ಉಳೀತು, ಆದ್ರೆ ಹಾರ್ಟ್ ತುಂಬ ವೀಕ್ ಆಗಿದೆ, ಅಷ್ಟು ಪ್ರೀತಿಯ ತೋಟಕ್ಕೆ ಇಳೀಲಿಕ್ಕೆ ಈಗ ಆಗುದಿಲ್ಲ.

ಹಾರ್ಟ್ ಅಟ್ಯಾಕ್ ಅಂದ್ರೆ ಹೃದಯಕ್ಕೆ ರಕ್ತ ಹೋಗುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಬ್ಲಾಕ್ ಆಗುದು, ಕೆಮ್ಮಿದ್ರೆ ಅದು ಬಿಡುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಅಥವಾ ಆಂಜಿಯೋಪ್ಲಾಸ್ಟಿಯೇ (ನಾಳದೊಳಗೆ ಸಣ್ಣ ಬಲೂನ್ ಹಾಕಿ ಬ್ಲಾಕ್ ಬಿಡಿಸುದು) ಆಗ್ಬೇಕು, ತಡ ಆದಷ್ಟು ಹೃದಯದ ಸ್ನಾಯು ಸಾಯ್ತಾ ಹೋಗ್ತದೆ. ಹಾಗಾಗಿ ಕೂಡ್ಲೇ 108 ಅಥವಾ 112ಕ್ಕೆ ಫೋನ್, ಮತ್ತೆ ಹತ್ರದ ಮನೆಯವ್ರಿಗೆ. ಎದುರಿನ ಬಾಗಿಲಿನ ಚಿಲಕ ತೆಗ್ದು ಅಲ್ಲೇ ಗೋಡೆಗೆ ಒರಗಿ ಕೂತ್ಕೊಳ್ಳಿ, ಸ್ಕೂಟರ್ ಕಾರು ಮುಟ್ಟುದೇ ಬೇಡ. ಆಸ್ಪಿರಿನ್ ಕೈಗೆ ಸಿಗುವ ಹಾಗಿದ್ರೆ 300 ಮಿಲಿಗ್ರಾಂ ಜಗಿದು ನುಂಗ್ಬೇಕು, ಆದ್ರೆ ಅಲರ್ಜಿ ಇರುವವ್ರು, ಹೊಟ್ಟೆ ಹುಣ್ಣು, ರಕ್ತಸ್ರಾವದ ತೊಂದರೆ ಇರುವವ್ರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವ್ರು ತಗೊಳ್ಬಾರ್ದು, ಇದನ್ನು ನಿಮ್ಮ ಡಾಕ್ಟ್ರ ಹತ್ರ ಇವತ್ತೇ ಕೇಳಿ ಇಟ್ಕೊಳ್ಳಿ. ಶುಗರ್ ಇರುವವ್ರಿಗೆ, ಹೆಂಗಸ್ರಿಗೆ ಕೆಲವು ಸಲ ಎದೆನೋವೇ ಇರುದಿಲ್ಲ, ಬರೀ ಉಬ್ಬಸ, ವಾಂತಿ ಬಂದ ಹಾಗೆ, ದವಡೆ ಬೆನ್ನು ನೋವು, ಅದೂ ಇದೇ ಆಗಿರ್ಬಹುದು.

ಇನ್ನೊಂದು ಸಂಕಟ ನಮ್ಮ ಕಾಸರಗೋಡಿನವ್ರಿಗೇ ಇರುವಂಥದ್ದು. 108ಕ್ಕೆ ಮಾಡಿದ್ರೆ ಆಚೆಯಿಂದ ಮಲಯಾಳದಲ್ಲಿ ಕೇಳ್ತಾರೆ. ಕನ್ನಡ, ತುಳು ಬಿಟ್ಟು ಬೇರೆ ಬಾರದ ಅಜ್ಜ ಅಜ್ಜಿ ಆ ನೋವಲ್ಲಿ ದಾರಿ ಹೇಗೆ ಹೇಳುದು? ನಾವೀಗ ದೊಡ್ಡಪ್ಪನ ಫೋನಿನ ಹತ್ರ ಒಂದು ಚೀಟಿ ಅಂಟಿಸಿದ್ದೇವೆ, ಪಂಚಾಯತ್, ವಾರ್ಡ್, ಹತ್ರದ ಭಜನಾ ಮಂದಿರದ ಹೆಸ್ರು, ಮತ್ತೆ ಎದೆನೋವಿಗೆ ಮಲಯಾಳದಲ್ಲಿ ಹೇಳುವ "ನೆಂಜುವೇದನ" ಅಂತ ಕನ್ನಡ ಅಕ್ಷರದಲ್ಲೇ. ಅಷ್ಟು ಓದಿ ಹೇಳಿದ್ರೆ ಸಾಕು. ಆದ್ರೆ ಭಾಷಾ ಅಲ್ಪಸಂಖ್ಯಾತ ಜಿಲ್ಲೆ ಅಂತ ಹೇಳುವಾಗ ಆ ಫೋನ್ ಎತ್ತುವಲ್ಲಿ ಕನ್ನಡ ಬರುವವ್ರು ಒಬ್ರಾದ್ರೂ ಯಾವಾಗ್ಲೂ ಇರ್ಬೇಕು, ಇದು ನಮ್ಮ ಜೀವದ ಪ್ರಶ್ನೆ.

ತೋಟದ ನಡುವೆ ಒಂಟಿ ಮನೆ, ಮಕ್ಕಳೆಲ್ಲ ದೂರ, ಇದೇ ಈಗ ನಮ್ಮ ಕಡೆ ಹೆಚ್ಚು. ನಿಮ್ಮ ಪೇಪರಲ್ಲಿ ಡಾಕ್ಟ್ರೊಬ್ಬರ ಹತ್ರ ಬರ್ಸಿ ಇಷ್ಟನ್ನು ಒಮ್ಮೆ ಪ್ರಿಂಟ್ ಮಾಡಿ, ಕನ್ನಡಕ ಇಲ್ಲದೆ ಓದ್ಲಿಕ್ಕೆ ಆಗುವಷ್ಟು ದೊಡ್ಡ ಅಕ್ಷರದಲ್ಲಿ, ಕತ್ತರಿಸಿ ಗೋಡೆಗೆ ಅಂಟಿಸುವ ಹಾಗೆ.

ಇತಿ,
ನಿಮ್ಮ ಓದುಗಿ, ಬದಿಯಡ್ಕ