ದಸ್ತಾರ್ ಕಟ್ಟಿದ ಮೇಲಿನ ಎರಡು ವರ್ಷಗಳಿಗಾಗಿ ಒಂದು ಮನವಿ

ಮಾನ್ಯರೇ, ಅಸ್ಸಲಾಮು ಅಲೈಕುಮ್.

ಭಟ್ಕಳದಿಂದ ಹೊನ್ನಾವರ, ಕುಮಟಾವರೆಗೆ ನಮ್ಮ ಕರಾವಳಿಯಲ್ಲಿ ಹಿಫ್ಝ್ (ಇಡೀ ಕುರ್‌ಆನ್ ಕಂಠಪಾಠ) ಮದ್ರಸಾಗಳಿಗೆ ಕೊಡುವ ಕೈಗಳಿಗೆ ಬರವಿಲ್ಲ. ಮುಸ್‌ಹಫ್ (ಕುರ್‌ಆನ್ ಪ್ರತಿ) ತಂದುಕೊಡುವವರಿದ್ದಾರೆ, ಮಕ್ಕಳ ಊಟದ ಖರ್ಚು ಹೊರುವವರಿದ್ದಾರೆ, ಹಿಫ್ಝ್ ಮುಗಿಸಿದವರಿಗೆ ದಸ್ತಾರ್ (ಗೌರವದ ಪೇಟ) ಕಟ್ಟುವ ದಿನ ಇಡೀ ಜಮಾಅತಿಗೆ ಬಿರಿಯಾನಿ ಮಾಡಿಸುವವರೂ ಇದ್ದಾರೆ. ಅಲ್ಲಾಹನು ಅವರಿಗೆ ಒಳ್ಳೆಯ ಪ್ರತಿಫಲ ಕೊಡಲಿ. ಆದರೆ ಮಾರನೆಯ ದಿನದಿಂದ ಆ ಹುಡುಗನ ಹೊಣೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಹದಿಮೂರು, ಹದಿನಾಲ್ಕರ ವಯಸ್ಸು. ಎದೆಯಲ್ಲಿ ಕುರ್‌ಆನಿನ 30 ಪಾರಾ (ಭಾಗ), 114 ಸೂರಾ (ಅಧ್ಯಾಯ). ಕೈಯಲ್ಲಿ ಐದನೆಯ ತರಗತಿಯ ಅಂಕಪಟ್ಟಿ. ಕಂಠಪಾಠ ಉಳಿಯುತ್ತದೆಯೇ, ಹುಡುಗ ಶಾಲೆಗೆ ಮರಳುತ್ತಾನೆಯೇ ಎಂಬುದೆರಡೂ ಮುಂದಿನ ಎರಡು ವರ್ಷಗಳಲ್ಲೇ ಇತ್ಯರ್ಥವಾಗುತ್ತವೆ. ನಮ್ಮ ಟ್ರಸ್ಟಿನ ಕೆಲಸ ಈ ಎರಡು ವರ್ಷಗಳದ್ದು. ತಮ್ಮ ಮುಂದೆ ಕೈಚಾಚುತ್ತಿರುವುದೂ ಅದಕ್ಕಾಗಿಯೇ.

ಮೊದಲು ದೌರ್ (ಕಲಿತದ್ದರ ಪುನರಾವರ್ತನೆ) ವಿಷಯ. ಮದ್ರಸಾದಲ್ಲಿರುವಾಗ ದಿನಕ್ಕೆ ಮೂರು ಪಾಠ: ಹೊಸ ಸಬಕ್, ಈಚಿನ ಪುಟಗಳ ಸಬಕೀ, ಹಳೆಯ ಪಾರಾಗಳ ಮಂಝಿಲ್. ಎದುರಿಗೆ ಉಸ್ತಾದರು ಕೂತು ಕೇಳುತ್ತಿರುತ್ತಾರೆ. ಹಿಫ್ಝ್ ಮುಗಿದ ಮೇಲೆ ಹೊಸ ಸಬಕೂ ಇಲ್ಲ, ಕೇಳುವವರೂ ಇಲ್ಲ. ಹಗ್ಗ ಬಿಚ್ಚಿಕೊಂಡ ಒಂಟೆಗಿಂತ ಬೇಗ ಕುರ್‌ಆನ್ ಎದೆಯಿಂದ ಜಾರಿಹೋಗುತ್ತದೆ ಎಂದು ಪ್ರವಾದಿಯವರು (ಸ) ಎಚ್ಚರಿಸಿದ್ದು ಇದನ್ನೇ. ಮದೀನಾ ಮುದ್ರಣದ ಮುಸ್‌ಹಫ್‌ನಲ್ಲಿ 604 ಪುಟ, ಪಾರಾಕ್ಕೆ ಸುಮಾರು 20 ಪುಟ. ಮಧ್ಯಮ ವೇಗದಲ್ಲಿ ನೋಡದೆ ಓದಿದರೆ ಒಂದು ಪಾರಾಕ್ಕೆ 35ರಿಂದ 40 ನಿಮಿಷ ಹಿಡಿಯುತ್ತದೆ. ದಿನಕ್ಕೊಂದು ಪಾರಾ ಓದಿದರೆ ತಿಂಗಳಿಗೊಂದು ಸುತ್ತು. ಇದು ಕನಿಷ್ಠ. ಮೊದಲ ಎರಡು ವರ್ಷ ದಿನಕ್ಕೆ ಎರಡು ಪಾರಾ ಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ. ಒಂದು ಫಜ್ರ್ (ಮುಂಜಾನೆಯ ನಮಾಝ್) ನಂತರ, ಇನ್ನೊಂದು ಇಶಾ (ರಾತ್ರಿಯ ನಮಾಝ್) ನಂತರ.

ಒಬ್ಬನೇ ಕೂತು ಓದಿದರೆ ಸಾಲದು. ತಪ್ಪು ತನ್ನ ಕಿವಿಗೆ ಸರಿಯಾಗಿಯೇ ಕೇಳುತ್ತದೆ, ಹತ್ತು ಸಲ ಹಾಗೇ ಓದಿದರೆ ಅದೇ ಗಟ್ಟಿಯಾಗುತ್ತದೆ. ಹೆಚ್ಚು ಕಾಡುವುದು ಒಂದನ್ನೊಂದು ಹೋಲುವ ವಚನಗಳು, ಅಂದರೆ ಆಯತ್‌ಗಳು. ಸೂರಾ ಬಕರದ 47 ಮತ್ತು 122ನೆಯ ಆಯತ್‌ಗಳು ಅಕ್ಷರಶಃ ಒಂದೇ. ಮುಂದಿನ 48ರಲ್ಲಿ ಶಫಾಅತ್ (ಶಿಫಾರಸು) ಎಂಬ ಪದ ಮೊದಲು, ಅದ್ಲ್ (ಪರಿಹಾರ) ಆಮೇಲೆ. 123ರಲ್ಲಿ ಅದು ಹಿಂದುಮುಂದು. ಅದರ ಮುಂದಿನ 49 ಮತ್ತು 124 ಎರಡೂ ‘ವ ಇಝ್’ ಎಂದೇ ಶುರುವಾಗುತ್ತವೆ. ಇಲ್ಲಿ ಗಮನ ತಪ್ಪಿದರೆ ಓದುವವನಿಗೆ ಗೊತ್ತಾಗದಂತೆ 75 ಆಯತ್‌ಗಳು ಹಾರಿಹೋಗುತ್ತವೆ. ಸೂರಾ ರಹ್ಮಾನ್‌ನಲ್ಲಿ ಒಂದೇ ಆಯತ್ 31 ಸಲ ಬರುತ್ತದೆ. ಪ್ರತಿ ಸಲವೂ ಮುಂದಿನದು ಯಾವುದೆಂಬ ನೆನಪು ಬೇರೆಯಾಗಿಯೇ ಇರಬೇಕು. ಅದಕ್ಕೇ ನಾವು ಜೋಡಿ ದೌರ್ ನಡೆಸುತ್ತೇವೆ. ಒಬ್ಬ ಓದುತ್ತಾನೆ, ಇನ್ನೊಬ್ಬ ಮುಸ್‌ಹಫ್ ಹಿಡಿದು ಕೇಳುತ್ತಾನೆ. ತಪ್ಪಿದ ಜಾಗವನ್ನು ಪುಸ್ತಕದಲ್ಲಿ ಸೂರಾ, ಆಯತ್ ಸಂಖ್ಯೆ ಸಮೇತ ಬರೆಯುತ್ತಾನೆ. ಶುಕ್ರವಾರ ಉಸ್ತಾದರು ಆ ಜಾಗಗಳನ್ನಷ್ಟೇ ಕೇಳುತ್ತಾರೆ. ಇನ್ನೊಂದು ಕಟ್ಟುನಿಟ್ಟು: ಯಾವ ಮುದ್ರಣದಲ್ಲಿ ಕಲಿತನೋ ಕೊನೆಯವರೆಗೂ ಅದೇ ಮುದ್ರಣ. ಆಯತ್ ಪುಟದ ಮೇಲೋ ಕೆಳಗೋ, ಎಡಕ್ಕೋ ಬಲಕ್ಕೋ ಎಂಬುದೂ ನೆನಪಿನ ಭಾಗ. 15 ಸಾಲಿನ ಮುಸ್‌ಹಫ್‌ನಲ್ಲಿ ಕಲಿತವನ ಕೈಗೆ 13 ಸಾಲಿನದು ಕೊಟ್ಟರೆ ಆ ಗುರುತುಗಳೆಲ್ಲ ಕಲಸಿಹೋಗುತ್ತವೆ. ಮುಸ್‌ಹಫ್ ದಾನ ಮಾಡುವವರು ದಯವಿಟ್ಟು ಮೊದಲು ಕೇಳಿ ಕೊಡಿಸಿ.

ರಮಝಾನಿನ ತರಾವೀಹ್ (ರಾತ್ರಿಯ ವಿಶೇಷ ನಮಾಝ್) ಇದೆಲ್ಲದರ ಪರೀಕ್ಷೆ. ನಮಾಝಿನ 20 ಸುತ್ತು, ಅಂದರೆ ರಕಅತ್‌ಗಳಲ್ಲಿ ಮೊದಲ 12 ರಾತ್ರಿ ಒಂದೂಕಾಲು ಪಾರಾ, ಉಳಿದ 15 ರಾತ್ರಿ ಒಂದೊಂದು ಪಾರಾ ಓದಿದರೆ 27ನೆಯ ರಾತ್ರಿಗೆ ಖತಮ್. ಹಿಂದಿನ ಸಾಲಿನಲ್ಲಿ ಲುಕ್ಮಾ ಕೊಡಲು (ತಪ್ಪಿದಲ್ಲಿ ಎತ್ತಿಕೊಡಲು) ಇನ್ನೊಬ್ಬ ಹಾಫಿಝ್ (ಹಿಫ್ಝ್ ಮುಗಿಸಿದವನು) ನಿಲ್ಲಲೇಬೇಕು. ಹೊಸಬರನ್ನು ಮೊದಲ ವರ್ಷ ಕೇಳುವ ಜಾಗದಲ್ಲಿ ನಿಲ್ಲಿಸುತ್ತೇವೆ, ಎರಡನೆಯ ವರ್ಷ ನಾಲ್ಕು ರಕಅತ್ ಕೊಡುತ್ತೇವೆ, ಪೂರ್ತಿ ಹೊಣೆ ಆಮೇಲೆ. ವರ್ಷವಿಡೀ ಓದದೆ ರಮಝಾನಿನ ಹಿಂದಿನ ತಿಂಗಳಾದ ಶಅಬಾನಿನಲ್ಲಿ ಗಡಿಬಿಡಿಯಿಂದ ತಿರುವಿಹಾಕುವವರಿಗೆ ನಡುವಿನ ಪಾರಾಗಳು ಕೈಕೊಡುತ್ತವೆ. ನಮ್ಮ ಕರಾವಳಿಯ ಹುಡುಗರಿಗೆ ಇನ್ನೊಂದು ತಯಾರಿಯೂ ಬೇಕು. ನಮಾಝಿನ ವಿಧಿಗಳಲ್ಲಿ ಶಾಫಿಈ, ಹನಫಿ ಎಂಬ ಪಂಥಗಳಿವೆ. ಭಟ್ಕಳದ ಕಡೆ ಶಾಫಿಈ ರೀತಿ. ಘಟ್ಟದ ಮೇಲಿನ ಹನಫಿ ಮಸೀದಿಗೆ ಹೋದರೆ ಸಜ್ದಾ (ಸಾಷ್ಟಾಂಗ) ಮಾಡಬೇಕಾದ ಆಯತ್‌ಗಳ ಲೆಕ್ಕ ಬದಲಾಗುತ್ತದೆ. ಒಟ್ಟು ಎರಡೂ ಕಡೆ 14. ಆದರೆ ಶಾಫಿಈಯವರಿಗೆ ಸೂರಾ ಹಜ್ಜ್‌ನಲ್ಲಿ ಎರಡು ಸಜ್ದಾ. ಹನಫಿಯವರಿಗೆ ಅಲ್ಲಿ ಒಂದು, ಸೂರಾ ಸ್ವಾದ್‌ನಲ್ಲಿ ಇನ್ನೊಂದು. ರಾತ್ರಿಯ ಕೊನೆಯಲ್ಲಿ ಮಾಡುವ ವಿತ್ರ್ ನಮಾಝಿನ ಕ್ರಮವೂ ಬೇರೆ. ಇದನ್ನು ಮೊದಲೇ ಹೇಳಿಕೊಡದಿದ್ದರೆ ಹುಡುಗ ಜಮಾಅತಿನ ಮುಂದೆ ತಬ್ಬಿಬ್ಬಾಗುತ್ತಾನೆ.

ಹಾಫಿಝಾ ಹೆಣ್ಣುಮಕ್ಕಳ ಸ್ಥಿತಿ ಇದಕ್ಕಿಂತ ಕಷ್ಟ, ಅವರ ಬಗ್ಗೆ ಮಾತಾಡುವವರೂ ಕಡಿಮೆ. ಅವರಿಗೆ ಮಸೀದಿಯ ತರಾವೀಹ್ ಹೊಣೆ ಇಲ್ಲದ್ದರಿಂದ ವರ್ಷಕ್ಕೊಮ್ಮೆ ಪೂರ್ತಿ ಒಪ್ಪಿಸಬೇಕೆಂಬ ಒತ್ತಡವೂ ಇಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದರೆ ದೌರ್ ಜೊತೆಗಾತಿಯೂ ಸಿಗುವುದಿಲ್ಲ. ತಿಂಗಳಲ್ಲಿ ಓದು ನಿಲ್ಲುವ ದಿನಗಳಿರುವುದರಿಂದ ದಿನಕ್ಕೊಂದು ಪಾರಾದ ಲೆಕ್ಕ ಅವರಿಗೆ ಹೊಂದುವುದಿಲ್ಲ. ಓದುವ ದಿನಗಳಲ್ಲಿ ಒಂದೂಕಾಲು, ಒಂದೂವರೆ ಪಾರಾ ಬೇಕಾಗುತ್ತದೆ. ವಾರಕ್ಕೆರಡು ಮಧ್ಯಾಹ್ನ ಅವರದೇ ಕೂಟ, ದೂರದಲ್ಲಿರುವವರಿಗೆ ಫೋನಿನಲ್ಲಿ ಕೇಳುವ ಒಬ್ಬ ಉಸ್ತಾದಿನಿ, ಇಷ್ಟನ್ನು ಈ ವರ್ಷ ಶುರುಮಾಡಬೇಕೆಂದಿದ್ದೇವೆ. ಬಂದ ಹಣದಲ್ಲಿ ಮೊದಲ ಪಾಲು ಇದಕ್ಕೇ.

ಇನ್ನು ಶಾಲೆ. ಹಿಫ್ಝ್‌ಗೆ ಸೇರಿಸುವಾಗ ಟಿ.ಸಿ. ತೆಗೆದುಕೊಳ್ಳದೆ ಮಗುವನ್ನು ಸುಮ್ಮನೆ ಬಿಡಿಸಿಬಿಡುವುದು ಎಲ್ಲಕ್ಕಿಂತ ದೊಡ್ಡ ತೊಡಕು. ಮೂರು ವರ್ಷದ ನಂತರ ಸ್ಯಾಟ್ಸ್ ಸಂಖ್ಯೆ (ಸರ್ಕಾರಿ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಹುಡುಕಿಸುವುದರಲ್ಲೇ ದಾಖಲಾತಿಯ ಸಮಯ ಕಳೆದುಹೋಗುತ್ತದೆ. 14 ದಾಟದ ಮಗುವಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಮಿನಂತೆ ವಯಸ್ಸಿಗೆ ತಕ್ಕ ತರಗತಿಯಲ್ಲೇ ಪ್ರವೇಶ ಸಿಗಬೇಕು, ಹಿಂದುಳಿದದ್ದನ್ನು ತುಂಬಲು ವಿಶೇಷ ತರಬೇತಿಯೂ ಸಿಗಬೇಕು. ಹದಿಮೂರರ ಹುಡುಗನನ್ನು ಮತ್ತೆ ಆರನೆಯ ತರಗತಿಯ ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಅವನು ನಾಚಿ ಶಾಲೆ ಬಿಡುತ್ತಾನೆ, ಹಾಗಾಗಿ ಈ ಕಲಮು ಮುಖ್ಯ. ವಯಸ್ಸು ದಾಟಿದವರಿಗೆ ಎರಡು ದಾರಿ: 15 ತುಂಬಿದ ಮೇಲೆ ಖಾಸಗಿ ಅಭ್ಯರ್ಥಿಯಾಗಿ 625 ಅಂಕಗಳ ಎಸ್ಸೆಸ್ಸೆಲ್ಸಿ, ಇಲ್ಲವೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆ. ಎರಡನೆಯದಕ್ಕೆ 14 ವರ್ಷ ಸಾಕು, ಐದು ವಿಷಯ, ಐದು ವರ್ಷದೊಳಗೆ ಒಂಬತ್ತು ಅವಕಾಶ. ಒಂದೊಂದೇ ವಿಷಯ ಪಾಸು ಮಾಡಿಕೊಳ್ಳಬಹುದು. ದೌರ್ ಜೊತೆ ಓದುವವರಿಗೆ ಇದೇ ಅನುಕೂಲ.

ಕನ್ನಡ ಮತ್ತು ಗಣಿತ ಎಲ್ಲರಿಗೂ ಬಿದ್ದಿರುತ್ತವೆ. ಮನೆಮಾತು ನವಾಯತಿ ಅಥವಾ ಉರ್ದು. ಮೂರು ವರ್ಷ ಕನ್ನಡ ಬರೆಯದ ಕೈಗೆ ಒತ್ತಕ್ಷರ ಮರೆತಿರುತ್ತದೆ, ಬರೆಯುವ ವೇಗವೇ ಇರುವುದಿಲ್ಲ. ಗಣಿತದಲ್ಲಿ ಭಿನ್ನರಾಶಿಯಿಂದ ಮತ್ತೆ ಶುರು. ಇನ್ನೊಂದು ಎಚ್ಚರ: ನೆನಪಿನ ಶಕ್ತಿ ಅಗಾಧವಾಗಿರುವುದರಿಂದ ಈ ಮಕ್ಕಳು ಉತ್ತರಗಳನ್ನೂ ಇಡಿಯಾಗಿ ಕಂಠಪಾಠ ಮಾಡುತ್ತಾರೆ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ನಿಂತುಬಿಡುತ್ತಾರೆ. ಆದ್ದರಿಂದ ದಿನಕ್ಕೆ ಅರ್ಧ ಪುಟ ಸ್ವಂತ ವಾಕ್ಯದಲ್ಲಿ ಬರೆಸುತ್ತೇವೆ. ಎಂಟು, ಹತ್ತು ತಿಂಗಳು ಬಿಡದೆ ಕೂತರೆ ಇವರು ಸರಿಗೆ ಸರಿಯಾಗಿ ನಿಲ್ಲುತ್ತಾರೆ. ಮೂರು ವರ್ಷ ಗಂಟೆಗಟ್ಟಲೆ ಕೂತು ಅಭ್ಯಾಸವಿರುವ ಮಕ್ಕಳಿವರು.

ಖರ್ಚು ಹೀಗಿದೆ. ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ 1,600 ರೂಪಾಯಿ: ಬಸ್ಸಿಗೆ 600, ಪುಸ್ತಕ ಮತ್ತು ಪರೀಕ್ಷಾ ಶುಲ್ಕಕ್ಕೆ ಎತ್ತಿಡುವುದು 300, ಸಂಜೆಯ ಹಾಲು, ಅವಲಕ್ಕಿ, ಮೊಟ್ಟೆಗೆ 700. ಶಾಲೆಗೆ ದಾಖಲಾಗದವನಿಗೆ ವಿದ್ಯಾರ್ಥಿ ಬಸ್ ಪಾಸ್ ಸಿಗುವುದಿಲ್ಲ, ಅದಕ್ಕೇ ಬಸ್ಸಿನ ಖರ್ಚು ಇಷ್ಟು. ಇದಲ್ಲದೆ ಕನ್ನಡಕ್ಕೆ, ಗಣಿತಕ್ಕೆ ಒಬ್ಬೊಬ್ಬ ಶಿಕ್ಷಕರು, ದೌರ್ ಕೇಳುವ ಇಬ್ಬರು ಉಸ್ತಾದರು ಬೇಕು. ಮಳೆಗಾಲದಲ್ಲಿ ಮಗ್ರಿಬ್ (ಸಂಜೆಯ ನಮಾಝ್) ಹೊತ್ತಿಗೆ ಕರೆಂಟ್ ಹೋದರೆ ಆ ದಿನದ ಪಾಠವೇ ಹೋಯಿತು. ಒಂದು ಇನ್ವರ್ಟರ್, ಎರಡು ಬ್ಯಾಟರಿ ಕೊಡಿಸುವವರಿದ್ದರೆ ಅದೇ ದೊಡ್ಡ ಉಪಕಾರ.

ಝಕಾತ್ (ಕಡ್ಡಾಯ ದಾನ) ಕೊಡುವವರು ದಯವಿಟ್ಟು ಹಾಗೆಂದು ಹೇಳಿ ಕೊಡಿ. ಅದನ್ನು ಬೇರೆ ಖಾತೆಯಲ್ಲಿಟ್ಟು, ಅರ್ಹ ಬಡ ಮನೆಯ ವಿದ್ಯಾರ್ಥಿಗಳಿಗೆ ಮಾತ್ರ, ಅವರ ಕೈಗೇ ತಲುಪಿಸುತ್ತೇವೆ. ಶಿಕ್ಷಕರ ಗೌರವಧನ, ಇನ್ವರ್ಟರ್, ಬಾಡಿಗೆ ಇವುಗಳಿಗೆ ಝಕಾತ್ ಮುಟ್ಟುವುದಿಲ್ಲ. ಅವು ಸದಕಾ (ಸ್ವಇಚ್ಛೆಯ ದಾನ) ಮತ್ತು ಸಾಮಾನ್ಯ ದೇಣಿಗೆಯಿಂದಲೇ ನಡೆಯಬೇಕು. ನಮಗೆ ಯಾವಾಗಲೂ ಕೊರತೆ ಬೀಳುವುದು ಈ ಎರಡನೆಯ ಖಾತೆಯಲ್ಲೇ.

ದುಬೈ, ಸೌದಿಯಲ್ಲಿ ದುಡಿಯುತ್ತಿರುವ ಬಂಧುಗಳು ಭಾರತೀಯ ಪಾಸ್‌ಪೋರ್ಟ್ ಹೊಂದಿದ್ದರೆ ತಮ್ಮ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ, ಅವರು ಮೂಲತಃ ನಮ್ಮ ಊರಿನವರೇ ಆಗಿದ್ದರೂ, ವಿದೇಶಿ ದೇಣಿಗೆ ಕಾನೂನಿನ ನೋಂದಣಿ ಇಲ್ಲದೆ ನಾವು ಪಡೆಯುವಂತಿಲ್ಲ. ಅಂಥವರು ಇಲ್ಲಿರುವ ಬಂಧುಗಳ ಹೆಸರಿನಲ್ಲಿ ಸುತ್ತಿಸಿ ಕಳಿಸುವುದೂ ಬೇಡ.

ಇಡೀ ವರ್ಷಕ್ಕೆ ಒಬ್ಬ ವಿದ್ಯಾರ್ಥಿಯ ಹೊಣೆ ಹೊರುವವರು ಮೇ ತಿಂಗಳೊಳಗೆ ತಿಳಿಸಿದರೆ ಶಾಲಾ ದಾಖಲಾತಿಗೆ ಮುಂಚೆಯೇ ಕಾಗದಪತ್ರ ಸರಿಮಾಡಿಕೊಳ್ಳುತ್ತೇವೆ. ಜುಮಾ ನಮಾಝಿನ ನಂತರ ಟ್ರಸ್ಟಿನ ಮೇಜಿನಲ್ಲಿ ಎರಡು ರಸೀದಿ ಪುಸ್ತಕಗಳಿರುತ್ತವೆ: ಹಸಿರು ಝಕಾತಿಗೆ, ಬಿಳಿಯದು ಸದಕಾ ಮತ್ತು ಸಾಮಾನ್ಯ ದೇಣಿಗೆಗೆ. ಎಷ್ಟೇ ಸಣ್ಣ ಮೊತ್ತವಾದರೂ ರಸೀದಿ ಕೇಳಿ ಪಡೆಯಿರಿ.